ಚಾವಡಿ ರೇಡಿಯೋದಲ್ಲಿ ದೊಡ್ಡಮುನಿಯಮ್ಮನ ದನಿ

ಬಂಗಾರಪೇಟೆಯಿಂದ ಚಿನ್ನದ ಗಣಿಗೆ ಹೋಗುವ ದಾರಿಯಲ್ಲಿ ಹುಣಸೆಕುಂಟೆ ಎಂದು ಒಂದು ಊರು. ಗಣಿಗೆ ಹೋಗುವ ಕರೆಂಟಿನ ದೊಡ್ಡ ತಂತಿಗಳು ಊರಿನ ಬೆನ್ನಿಗೇ ಹಾದು ಹೋಗುತ್ತವೆ. ಆದರೆ ಊರೊಳಗೆ ಮಾತ್ರ ಸೀಮೆಎಣ್ಣೆ ಬುಡ್ಡಿ. ಅದಕ್ಕೇ ಪಂಚಾಯ್ತಿಯವರು ಚಾವಡಿಗೆ ಕೊಟ್ಟ ರೇಡಿಯೋ ಬ್ಯಾಟರಿಯಲ್ಲಿ ನಡೆಯುವಂಥದ್ದು. ಸಂಜೆಯಾದರೆ ಸಾಕು, ಮಳೆ ಸಮಾಚಾರ, ಪೇಟೆ ಧಾರಣೆ, ನಾಟಕ ಎಂದು ಊರಿಗೆ ಊರೇ ಚಾವಡಿ ಜಗಲಿಯ ಮೇಲೆ.

ಈ ಸಲ ಯುಗಾದಿ ಮುಗಿದದ್ದೇ ತಡ, ಆ ರೇಡಿಯೋ ಕೆಟ್ಟು ಕೂತಿತು. ಅದರ ಬಿರಡೆಯ ಕಿವಿ ತಿರುಗಿಸಿದರೆ ಮಾತಿಲ್ಲ, ಹಾಡಿಲ್ಲ. ಜೇನುಗೂಡಿಗೆ ಕಲ್ಲು ಬಿದ್ದ ಹಾಗೆ ಬರೀ "ಗುಂಯ್..." ಊರಿನವರೆಲ್ಲ ವೈದ್ಯರಾದರು. ಒಬ್ಬ ಪೆಟ್ಟಿಗೆಯ ತಲೆಗೆ ಮೊಟಕಿದ. ಇನ್ನೊಬ್ಬ ಬಿಸಿಲಿಗಿಟ್ಟ. ಅದು ಎರಡಕ್ಕೂ ಗುಂಯ್ ಎಂದಿತು.

ಎಲ್ಲರಿಗಿಂತ ಹೆಚ್ಚಿನ ಸಂಕಟ ಚಾವಡಿ ರೇಡಿಯೋ ನೋಡಿಕೊಳ್ಳುತ್ತಿದ್ದ ಬೈರಪ್ಪನ ಹೆಂಡತಿ ಕದಿರಮ್ಮನಿಗೆ. ಅವಳಿಗೆ ಬೇಕಾಗಿದ್ದದ್ದು ಧಾರಣೆಯೂ ಅಲ್ಲ, ನಾಟಕವೂ ಅಲ್ಲ. ಅವಳಿಗೆ ಬೇಕಾಗಿದ್ದದ್ದು ಅತ್ತೆ ದೊಡ್ಡಮುನಿಯಮ್ಮನ ಹಾಡು.

ಮಾಘದಲ್ಲಿ ರೇಡಿಯೋದವರು ದನಿ ಹಿಡಿಯುವ ಯಂತ್ರ ತಂದು ಬಂಗಾರಪೇಟೆಯ ಶಾಲೆಯೊಂದರಲ್ಲಿ ಕೂತಿದ್ದರು. ಸುತ್ತಲ ಹಳ್ಳಿಯ ಹೆಂಗಸರು ಹೋಗಿ ಸೋಬಾನೆ, ರಾಗಿ ಬೀಸುವ ಪದ ಹಾಡಿ ಬಂದರು. ದೊಡ್ಡಮುನಿಯಮ್ಮನೂ ಅಲ್ಲಿಟ್ಟಿದ್ದ ಬೀಸುಕಲ್ಲು ತಿರುಗಿಸುತ್ತ ಹಾಡಿದಳು. ವಾಪಸು ಬರುವಾಗ ಚಳಿಗಾಳಿಗೆ ಸಿಕ್ಕಿ ನೆಗಡಿಯಾಯಿತು, ಗಂಟಲು ಕಟ್ಟಿತು. ಕಷಾಯ ಕುಡಿದ ಮೇಲೆ ನೆಗಡಿ ಹೋಯಿತು. ಆದರೆ ಅಷ್ಟರಲ್ಲಿ ಅವಳ ತಲೆಯೊಳಗೆ ಒಂದು ಮಾತು ಕೂತುಬಿಟ್ಟಿತ್ತು.

"ನನ್ ದನೀನ ಆ ಪೆಟ್ಗೆ ಈರ್ಕಂಬುಡ್ತು ಕಣಮ್ಮಿ," ಎಂದಳು ಸೊಸೆಗೆ. "ಒಂದು ಕೊಡದ ನೀರ ಇನ್ನೊಂದು ಕೊಡಕ್ಕೆ ಸುರುದ್ರೆ ಮೊದಲ್ನೇ ಕೊಡದಾಗೆ ಏನುಳೀತೈತೆ?"

"ಈಗ ಮಾತಾಡ್ತಿದ್ದೀಯಲ್ಲತ್ತೆ!"

"ಇದು ತಳದಾಗ್ ಉಳಿದಿರೋದು. ಪದ ಆಡೋ ದನಿ ಓಯ್ತು."

ಬೈಯುವ ದನಿಗೆ ಮಾತ್ರ ಏನೂ ಆಗಿರಲಿಲ್ಲ. ಅದು ಮೂರು ಮನೆ ಆಚೆಗೂ ಕೇಳಿಸುತ್ತಿತ್ತು. ಆದರೆ ಬೆಳಗಿನ ಜಾವ ಬೀಸುಕಲ್ಲು ಮೂಕವಾಗಿ ತಿರುಗತೊಡಗಿತು. ಮದುವೆಯಾಗಿ ಬಂದಾಗ ಹೊಸ ಮನೆಯಲ್ಲಿ ಕದಿರಮ್ಮನಿಗೆ ಮೊದಲು ಹತ್ತಿರವಾದದ್ದೇ ಅತ್ತೆಯ ಪದಗಳು. ಕಲ್ಲಿನ ಆ ಕಡೆ ಅತ್ತೆ, ಈ ಕಡೆ ಸೊಸೆ. ಅರ್ಧ ಪದ ಕಲಿತಿದ್ದಳು, ಇನ್ನರ್ಧ ಅತ್ತೆಯ ಬಾಯಲ್ಲೇ ಉಳಿದಿತ್ತು. ವೈಶಾಖದಲ್ಲಿ ನಾದಿನಿ ಮಂಗಮ್ಮನ ಮದುವೆ ಬೇರೆ. ಹೆತ್ತ ತಾಯಿಯೇ ಸೋಬಾನೆ ಹಾಡದ ಮದುವೆಯೇ? ನೆನೆಸಿಕೊಂಡರೆ ಕದಿರಮ್ಮನಿಗೆ ಅಳು ಬರುತ್ತಿತ್ತು.

ಆ ಹಾಡು ಇದೇ ಗುರುವಾರ ಸಂಜೆ ರೇಡಿಯೋದಲ್ಲಿ ಬರುತ್ತದೆ ಎಂದು ಗ್ರಾಮಸೇವಕರು ಹೇಳಿ ಹೋಗಿದ್ದರು. ತನ್ನ ದನಿಯನ್ನು ತಾನೇ ಕೇಳಿದರೆ ಅತ್ತೆಯ ಭಯ ಹೋದೀತು ಎಂಬುದು ಕದಿರಮ್ಮನ ಆಸೆ. ಬರುವುದು ಒಂದೇ ಸಲ. ಆ ಹೊತ್ತಿಗೆ ರೇಡಿಯೋ ಗುಂಯ್ ಎಂದರೆ ಎಲ್ಲ ಮುಗಿಯಿತು. ಗಣಿ ಕೆಲಸಕ್ಕೆ ಹೋಗುವವರ ಕೈಲಿ ಅವಳು ಗಣಿ ಪಕ್ಕದ ಆಂಡರ್ಸನ್‌ಪೇಟೆಗೆ ಹೇಳಿ ಕಳಿಸಿದಳು. ಅಲ್ಲಿ ಅವಳ ಅಣ್ಣ ಕೋದಂಡಪ್ಪನ ರೇಡಿಯೋ ರಿಪೇರಿ ಅಂಗಡಿ ಇತ್ತು.

ಗುರುವಾರ ಮಧ್ಯಾಹ್ನ ಕೋದಂಡಪ್ಪ ಚೀಲ ನೇತುಹಾಕಿಕೊಂಡು ಬಂದ. ಬೈರಪ್ಪ ಆಗಲೇ ಸ್ಕ್ರೂ ಬಿಚ್ಚಲು ಚಾಕು ಹಿಡಿದು ನಿಂತಿದ್ದ.

"ಅಯ್ಯಯ್ಯೋ ಬಾವಾ, ಮಡಗು ಆ ಚಾಕು!" ಎಂದ ಕೋದಂಡಪ್ಪ. "ಪೆಟ್ಗೆ ಬಿಚ್ಚೋದು ಕಟ್ಟಕಡೇಗೆ. ಮೊದ್ಲು ಒರಗಡೆ ನೋಡಾಣ. ಮುಕ್ಕಾಲು ಪಾಲು ಕಾಯಿಲೆ ಒರಗಡೇನೇ ಇರ್ತದೆ."

ಬ್ಯಾಟರಿಗೆ ಸಣ್ಣ ಮೀಟರು ಹಚ್ಚಿ ನೋಡಿದ. ಜೀವ ಇತ್ತು. ರೇಡಿಯೋ ಹಾಕಿದ. ಗುಂಯ್! ಆಮೇಲೆ ಅವನು ಪೆಟ್ಟಿಗೆಯ ಬೆನ್ನ ಹಿಂದಿನ ಏರಿಯಲ್ ತಂತಿಯನ್ನು ಕಿತ್ತ. ಗುಂಯ್ ಎನ್ನುವುದು ಥಟ್ಟನೆ ನಿಂತಿತು. ಮತ್ತೆ ಸಿಕ್ಕಿಸಿದ. ಗುಂಯ್!

ಕದಿರಮ್ಮನ ಕಣ್ಣರಳಿತು. "ಅಣ್ಣಾ, ತಡಿ. ತಂತಿ ಕಿತ್ರೆ ನಿಲ್ತದೆ, ಸಿಕ್ಸಿದ್ರೆ ಬತ್ತದೆ. ಅಂಗಾರೆ ಆ ಸದ್ದು ಪೆಟ್ಗೆ ಒಳಗಿಲ್ಲ, ತಂತೀಲಿ ಇಳ್ಕೊಂಡು ಬತ್ತೈತೆ?"

"ಅಷ್ಟೇ ಕಣಮ್ಮಾ! ಬಾ, ತಂತಿ ಇಂದೆ ಓಗಾಣ."

ಅಣ್ಣ ತಂಗಿ ತಲೆ ಮೇಲೆತ್ತಿಕೊಂಡು ತಂತಿಯ ಹಿಂದೆ ನಡೆದರು. ಯುಗಾದಿಗೆ ಚಾವಡಿಗೆ ಸುಣ್ಣ ಬಳಿಯುವಾಗ ಏರಿಯಲ್ ಬಿಚ್ಚಿದ್ದರು. ಹಬ್ಬದ ಮೇಲೆ ಅದನ್ನು ಕಟ್ಟಿದವನು ಬೈರಪ್ಪ. ಮೊದಲಿದ್ದ ಕಡೆ ಕಟ್ಟದೆ, ಚಾವಡಿ ಹಿಂದೆ ಎರಡು ಬಿದಿರು ನೆಟ್ಟು, ಗಣಿಗೆ ಹೋಗುವ ಕರೆಂಟಿನ ತಂತಿಯ ಉದ್ದಕ್ಕೇ ಎಳೆದಿದ್ದ. ಎತ್ತಿನ ಪಕ್ಕಕ್ಕೆ ಎತ್ತು ಹೂಡಿದ ಹಾಗೆ.

"ಬಲ ಬರ್ಲಿ ಅಂತ," ಎಂದ ಬೈರಪ್ಪ ಹೆಮ್ಮೆಯಿಂದ. "ಅಷ್ಟು ದೊಡ್ಡ ಗಣೀನೇ ನಡುಸ್ತೈತೆ ಆ ಕರೆಂಟು. ಪಕ್ಕದಾಗ್ ಕಟ್ಟುದ್ರೆ ನಮ್ ರೇಡಿಯೋಗೂ ವಸಿ ಕಸುವು ಬರಾಕಿಲ್ವಾ?"

ಕೋದಂಡಪ್ಪನ ಮುಖ ಕೆಂಪಾಯಿತು. "ಬಾವಾ, ಗಾಳಿ ಬಂದು ಈ ತಂತಿ ಕಿತ್ತು ಆ ತಂತಿ ಮ್ಯಾಕೆ ಬಿದ್ದಿದ್ರೆ? ರೇಡಿಯೋ ಕಿವಿ ಇಡ್ಕೊಂಡಿರೋನು ಅಲ್ಲೇ ಎಣ ಆಗ್ತಿದ್ದ! ಅದು ಯಾರು? ನೀನೋ, ನಿನ್ ಎಂಡ್ತಿಯೋ!"

ಬೈರಪ್ಪ ಎರಡು ಹೆಜ್ಜೆ ಹಿಂದೆ ಸರಿದ. ಮೇಲೆ ನೋಡಿದ, ಕೆಳಗೆ ನೋಡಿದ. ದಿನಾ ಸಂಜೆ ರೇಡಿಯೋ ಕಿವಿ ತಿರುಗಿಸುತ್ತಿದ್ದವನು ಅವನೇ.

"ಆಮೇಲೆ ಕಸುವು ಅಂದ್ಯಲ್ಲ," ಎಂದ ಕೋದಂಡಪ್ಪ ಸ್ವಲ್ಪ ತಣ್ಣಗಾಗಿ. "ಬೆಂಗ್ಳೂರಿಂದ ಬರೋ ದನಿ ಗಾಳೀಲಿ ಪಿಸುಮಾತಿನಂಗೆ ಬತ್ತದೆ. ಬಂಗಾರಪೇಟೆ ಸಂತೆ ಮಧ್ಯೆ ನಿಂತ್ಕೊಂಡು ಪಿಸುಮಾತು ಕೇಳ್ತೀಯಾ? ಆ ಕರೆಂಟಿನ ಗಲಾಟೇನೇ ನಿನ್ ಏರಿಯಲ್ಲು ಇಡೀತಾ ಇರೋದು."

ಯಾರನ್ನೂ ಮೇಲೆ ಹತ್ತಗೊಡಲಿಲ್ಲ ಅವನು. ಬಿದಿರುಗಳನ್ನು ಕರೆಂಟಿನ ಕಡೆಗೆ ವಾಲದ ಹಾಗೆ, ಚಾವಡಿಯ ಕಡೆಗೇ ಮೆಲ್ಲಗೆ ಮಲಗಿಸಿದರು. ಏರಿಯಲ್ಲನ್ನು ಚಾವಡಿಯ ಮುಂದುಗಡೆ, ಕರೆಂಟಿನ ತಂತಿಗೆ ಬೆನ್ನು ಹಾಕಿ ಕೆರೆಯ ಕಡೆಗೆ ಎಳೆದರು. ಎರಡು ತುದಿಗೂ ಪಿಂಗಾಣಿ ಗುಂಡು ಕಟ್ಟಿ, ತಂತಿ ಮರಕ್ಕೂ ಗೋಡೆಗೂ ತಾಕದ ಹಾಗೆ ಬಿಗಿದರು. ಅಷ್ಟು ಮಾಡುವ ಹೊತ್ತಿಗೆ ದನಗಳು ಮನೆಗೆ ತಿರುಗಿದ್ದವು.

ರೇಡಿಯೋ ಹಾಕಿದರು. ಗುಂಯ್ ಇಲ್ಲ! ಎಲ್ಲರೂ ಹೋ ಎಂದರು. ಆದರೆ ದನಿಯೂ ಸರಿಯಾಗಿ ಇಲ್ಲ. ಯಾರೋ ಬಾವಿಯೊಳಗೆ ಕೂತು ಮಾತಾಡಿದ ಹಾಗೆ ಅಷ್ಟಷ್ಟು ಬರುತ್ತದೆ, ಹೋಗುತ್ತದೆ. ಕೋದಂಡಪ್ಪ ತಲೆ ಕೆರೆದುಕೊಂಡ. ಕದಿರಮ್ಮ ಪೆಟ್ಟಿಗೆಯ ಸುತ್ತ ಸುಳಿದಳು. ಹಾಡು ಬರುವ ಹಳ್ಳಿಯವರ ಕಾರ್ಯಕ್ರಮಕ್ಕೆ ಇನ್ನೇನು ಹೊತ್ತಾಗುತ್ತಿತ್ತು.

ಆಗ ಅವಳ ಕಣ್ಣಿಗೆ ಪೆಟ್ಟಿಗೆಯ ಹಿಂದೆ ಇನ್ನೊಂದು ತಂತಿ ಬಿತ್ತು. "ಅಣ್ಣಾ, ಇದ್ಯಾಕೆ? ಇದು ಮೇಲಕ್ಕೋಗ್ದೆ ಕೆಳಕ್ಕೋಗೈತೆ?"

"ಅದು ಅರ್ತು ತಂತಿ, ಅಂದ್ರೆ ನೆಲದ ತಂತಿ. ನೆಲದಾಗೆ ಊತಿರೋ ಕಬ್ಬಿಣದ ಕೊಳಾಯಿಗೆ ಓಗ್ತದೆ. ಏರಿಯಲ್ಲು ಕೈ ಆದ್ರೆ ಇದು ಕಾಲು. ಕಾಲು ಊರ್ದೆ ನಿಲ್ಲಾಕಾಯ್ತದಾ?"

ಕದಿರಮ್ಮ ಜಗಲಿ ಇಳಿದು ಹೋಗಿ ಬಗ್ಗಿ ನೋಡಿದಳು. ನೋಡಿ ನಾಲಗೆ ಕಚ್ಚಿಕೊಂಡಳು. ಕೊಳಾಯಿಯ ತಲೆ ಬೆಳ್ಳಗೆ ಹೊಳೆಯುತ್ತಿತ್ತು. ಹಬ್ಬದ ಸುಣ್ಣ! ಗೋಡೆಗೆ ಬಳಿದ ಮೇಲೆ ಕುಂಚದಲ್ಲಿ ಉಳಿದದ್ದನ್ನು ಚೆನ್ನಾಗಿ ಕಾಣಲಿ ಎಂದು ಕೊಳಾಯಿಗೂ ಬಳಿದವಳು ಅವಳೇ. ಕೆಮ್ಮಣ್ಣಿನ ಪಟ್ಟೆ ಕೂಡ ಎಳೆದಿದ್ದಳು. ಕಳಚಿದ್ದ ತಂತಿಯನ್ನು, ಅದೇತಕ್ಕೆಂದು ತಿಳಿಯದೆ, ಆ ಸುಣ್ಣದ ಮೇಲೇ ಸುತ್ತಿಟ್ಟಿದ್ದಳು.

"ತಂತಿಗೂ ಕಬ್ಬಿಣಕ್ಕೂ ನಡುವೆ ಸುಣ್ಣದ ಗೋಡೆ ಕಟ್ಟೀದೀಯ," ಎಂದು ಕೋದಂಡಪ್ಪ ನಕ್ಕ. ಕದಿರಮ್ಮ ಕುಡುಗೋಲು ತಂದು ಕಬ್ಬಿಣ ಮಿನುಗುವ ತನಕ ಕೆರೆದಳು. ಅವನು ತಂತಿಯನ್ನೂ ಉಜ್ಜಿ ಬಿಗಿಯಾಗಿ ಕಟ್ಟಿದ. ಕೊಳಾಯಿ ಹೂತಿದ್ದ ಗುಂಡಿ ಒಣಗಿ ಬಿರಿದಿತ್ತು; ನೆಲ ತಂತಿಯನ್ನು ಹಿಡಿಯಲಿ ಎಂದು ಅದಕ್ಕೆ ಬೈರಪ್ಪ ಉಪ್ಪು ಹಾಕಿ ಕೊಡಗಟ್ಟಲೆ ನೀರು ಹೊಯ್ದ.

ಒಳಗಿನಿಂದ ರೇಡಿಯೋ ಗಟ್ಟಿಯಾಗಿ ಮಾತಾಡಿತು.

ಕದಿರಮ್ಮ ಸೆರಗು ಸಿಕ್ಕಿಸಿಕೊಂಡು ಮನೆಗೆ ಓಡಿದಳು. ದೊಡ್ಡಮುನಿಯಮ್ಮ ಹೊಸ್ತಿಲ ಮೇಲೆ ಕೂತಿದ್ದಳು. "ನಾನ್ ಬರಾಕಿಲ್ಲ. ಕಳ್ಕೊಂಡಿದ್ದ ಕಂಡೋರ ಮನೇಲಿ ನೋಡುದ್ರೆ ಒಟ್ಟೆ ಉರೀತೈತೆ."

"ನಂಗೋಸ್ಕರ ಬಾ ಅತ್ತೆ. ಇದೊಂದು ಸಲ," ಎಂದಳು ಕದಿರಮ್ಮ. ಮುದುಕಿ ಸೊಸೆಯ ಮುಖ ನೋಡಿದಳು. ಗೊಣಗುತ್ತಲೇ ಎದ್ದಳು.

ಚಾವಡಿಯ ಕಂಬದ ಬಳಿ ನಿಂತಳೇ ಹೊರತು ಒಳಗೆ ಬರಲಿಲ್ಲ. ಕೋದಂಡಪ್ಪ ಕೈ ಮುಗಿದು ಹೇಳಿದ: "ಅತ್ತೆಮ್ಮಾ, ಮರಳಾಗೆ ಕಾಲಿಟ್ರೆ ಎಜ್ಜೆ ಬೀಳ್ತದೆ. ಕಾಲು ಅಲ್ಲೇ ಉಳೀತದಾ? ಆ ಯಂತ್ರದಾಗಿರೋದು ನಿನ್ ದನಿ ಎಜ್ಜೆ ಅಷ್ಟೇ."

"ನೋಡಾಣ ತಡಿಯಪ್ಪಾ," ಎಂದಳು ಅವಳು, ನಂಬದೆ.

ರೇಡಿಯೋದವರು ಹೆಸರು ಹೇಳಿದರು, ಊರು ಹೇಳಿದರು. ಬೀಸುಕಲ್ಲಿನ ಗರಗರದ ಹಿಂದೆ ಆ ದನಿ ಬಂತು:

*ಕಲ್ಲೇ ತಾಯವ್ವ ಕೈಗೆ ಅಗುರಾಗವ್ವ*
*ರಾಗಿಯ ರಾಸಿ ಅರೆದೇನು, ಬೆಳಗಾಗಿ*
*ಎಮ್ಮೆಗೆ ಹಾಲು ಕುಡಿಸೇನು*

ದೊಡ್ಡಮುನಿಯಮ್ಮ ಕಂಬ ಬಿಟ್ಟು ಎರಡು ಹೆಜ್ಜೆ ಮುಂದೆ ಬಂದಳು. ಅವಳ ಹುಬ್ಬು ಗಂಟಿಕ್ಕಿತು.

"ಏನಂದ್ಳು ಅವ್ಳು? ಎಮ್ಮೆಗೆ ಆಲಾ? ಎಮ್ಮೆಗೆ ಯಾರ್ಲಾ ಆಲು ಕುಡಿಸ್ತಾರೆ!"

"ನೀನೇ ಆಡಿದ್ದು ಅತ್ತೆ," ಎಂದಳು ಕದಿರಮ್ಮ.

"ಯಂತ್ರ ನೋಡಿ ಎದರ್ಕೊಂಡು ಏನೋ ಒದರಿರ್ಬೇಕು. ಅಂಗಲ್ಲ ಅದು. ಕೇಳಿಲ್ಲಿ!" ಎಂದವಳೇ ಸೊಂಟಕ್ಕೆ ಕೈ ಕೊಟ್ಟು, ರೇಡಿಯೋಗೆ ಬುದ್ಧಿ ಹೇಳುವವಳ ಹಾಗೆ, ದನಿಯೆತ್ತಿ ಹಾಡಿಯೇಬಿಟ್ಟಳು:

*ರಾಗಿಯ ರಾಸಿ ಅರೆದೇನು, ಬೆಳಗಾಗಿ*
*ಕೂಸಿಗೆ ಹಾಲು ಕುಡಿಸೇನು*

ಪೆಟ್ಟಿಗೆಯೊಳಗಿನ ದೊಡ್ಡಮುನಿಯಮ್ಮ ಮುಂದಿನ ಪದ ಹಾಡುತ್ತಿದ್ದಳು. ಪೆಟ್ಟಿಗೆಯ ಹೊರಗಿನ ದೊಡ್ಡಮುನಿಯಮ್ಮ ಹಿಂದಿನ ಪದ ತಿದ್ದುತ್ತಿದ್ದಳು. ಹಾಡು ಮುಗಿದ ಮೇಲೆ, ತಾನೂ ಹಾಡಿದ್ದು ಅವಳಿಗೇ ಅರಿವಾಯಿತು. ಗಂಟಲ ಮೇಲೆ ಕೈ ಇಟ್ಟುಕೊಂಡು ಪೆಟ್ಟಿಗೆಯನ್ನೊಮ್ಮೆ, ಸೊಸೆಯನ್ನೊಮ್ಮೆ ನೋಡಿದಳು.

"ಕದಿರೀ," ಎಂದಳು ಮೆಲ್ಲಗೆ. "ಎರಡು ಕೊಡಾನೂ ತುಂಬವೆ ಕಣಮ್ಮಿ."

ಕದಿರಮ್ಮ ಅತ್ತೆಯ ಕೈ ಹಿಡಿದುಕೊಂಡು ಅತ್ತುಬಿಟ್ಟಳು. ಮರುದಿನ ಬೆಳಗಿನ ಜಾವ ಬೀಸುಕಲ್ಲಿನ ಜೊತೆ ಪದ ಕೇಳಿ ಪಕ್ಕದ ಮನೆಯವರು ರೇಡಿಯೋ ಇಷ್ಟು ಹೊತ್ತಿಗೇ ಹಾಕಿದರೇ ಎಂದು ಚಾವಡಿಗೆ ಹೋಗಿ ನೋಡಿ ಬಂದರಂತೆ.

ಈ ಕಥೆ ಓದುತ್ತಿರುವ, ಓದಿಸಿಕೊಂಡು ಕೇಳುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮೂರ ಚಾವಡಿಯಲ್ಲೂ ರೇಡಿಯೋ ಇದ್ದೀತು. ಅದು ಮುನಿಸಿಕೊಂಡರೆ ಮೊಟಕಬೇಡಿ, ಚಾಕು ಹಿಡಿಯಬೇಡಿ. ಬ್ಯಾಟರಿಗೆ ಜೀವ ಇದೆಯೇ ನೋಡಿ, ಏರಿಯಲ್ ಕಿತ್ತು ಸಿಕ್ಕಿಸಿ ಸದ್ದು ಎಲ್ಲಿಂದ ಬರುತ್ತಿದೆ ಎಂದು ಕಿವಿಗೊಡಿ. ಅರ್ತಿನ ಗುಂಡಿ ಒಣಗಲು ಬಿಡಬೇಡಿ, ಅದರ ಕೊಳಾಯಿಗೆ ಸುಣ್ಣ ಬಣ್ಣದ ಸಿಂಗಾರ ಬೇಡ. ಮುಂಗಾರಿನ ಮೊದಲ ಗುಡುಗು ಕೇಳಿದ ತಕ್ಷಣ ಏರಿಯಲ್ಲನ್ನು ನೆಲಕ್ಕೆ ಸೇರಿಸುವ ಸಿಡಿಲಿನ ಸ್ವಿಚ್ಚಿದ್ದರೆ ಅದನ್ನು ನೆಲದ ಕಡೆಗೆ ಹಾಕಿ, ಪೆಟ್ಟಿಗೆಯಿಂದ ದೂರ ಕೂತುಕೊಳ್ಳಿ. ಎಲ್ಲಕ್ಕಿಂತ ಮೊದಲು, ಈಗಲೇ ಎದ್ದು ಹೊರಗೆ ಹೋಗಿ ತಲೆಯೆತ್ತಿ ನೋಡಿ: ನಿಮ್ಮ ಏರಿಯಲ್ಲಿನ ಪಕ್ಕದಲ್ಲಾಗಲಿ ಮೇಲಾಗಲಿ ಕರೆಂಟಿನ ತಂತಿ ಇದೆಯೇ? ಇದ್ದರೆ ನೀವಾಗಿ ಮುಟ್ಟಬೇಡಿ, ತಿಳಿದವರನ್ನು ಇವತ್ತೇ ಕರೆಸಿ. ಹಾಗೆ ಮಾಡಿದರೆ ನಾಳೆ ಸಂಜೆಯೂ ನಿಮ್ಮ ಜಗಲಿಯ ಮೇಲೆ ಎಲ್ಲರೂ ಇರುತ್ತಾರೆ, ಕೇಳುವವರೂ, ತಪ್ಪು ಹಿಡಿದು ಹಾಡುವವರೂ.