ಬಾಗಿಲು ತೆರೆದ ಗೂಡು

ನಾಯಿಮರಿಗೆ ಗೂಡು ಅಭ್ಯಾಸ ಮಾಡಿಸುವುದನ್ನು ನಾನು ಮೊದಲು ನೋಡಿದ್ದು ತಂಗಿಯ ಮನೆಯಲ್ಲಿ. ನೋಡಿ ಮೆಚ್ಚಿಕೊಂಡೆ ಕೂಡ. ಈಗ ನೆನೆಸಿಕೊಂಡರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ. ಸಿಟ್ಟು ಹೇಗೂ ನನ್ನ ಮೂಗಿನ ತುದಿಯಲ್ಲೇ ಕೂತಿರುತ್ತದೆ, ದೂರದಿಂದ ಬರಬೇಕಾದ್ದೇನಿಲ್ಲ.

ಅಪ್ಪ ಬಿಟ್ಟುಹೋದ ಹೊಲಿಗೆ ಅಂಗಡಿಯನ್ನು ನಾನೂ ತಂಗಿಯೂ ನಡೆಸಿಕೊಂಡು ಬಂದಿದ್ದೆವು. ಅಳತೆ ತೆಗೆಯುವುದು, ಗಿರಾಕಿಗಳ ಜೊತೆ ಜಗಳ ಕಾಯುವುದು ನನ್ನ ಪಾಲು. ಬಟ್ಟೆ ಕತ್ತರಿಸುವುದು, ಹೊಲಿಯುವುದು ಅವಳ ಪಾಲು. ಅವಳು ಎಡಗೈಯವಳು, ಹಾಗಾಗಿ ಮನೆಯಲ್ಲಿ ಎಲ್ಲರ ಬಾಯಲ್ಲೂ ಅವಳು ಎಡಚಿ. ಮಾಮೂಲಿ ಕತ್ತರಿ ಎಡಗೈಗೆ ಕೂರುವುದಿಲ್ಲ. ಬಟ್ಟೆ ಅಲಗುಗಳ ನಡುವೆ ಮಡಚಿಕೊಳ್ಳುತ್ತದೆ, ಸೀಮೆಸುಣ್ಣದ ಗೆರೆ ಕಣ್ಣಿಗೆ ಬೀಳುವುದಿಲ್ಲ. ಅಪ್ಪ ಸಾಣೆ ಹಿಡಿಯುವವನ ಬೆನ್ನು ಬಿದ್ದು, ಅಲಗು ಅದಲುಬದಲು ಮಾಡಿದ ಕತ್ತರಿಯೊಂದನ್ನು ಅವಳಿಗೆಂದೇ ಮಾಡಿಸಿಕೊಟ್ಟಿದ್ದರು. ಅದನ್ನು ನಾನು ಹಿಡಿದರೆ ಒಂದು ದಾರವೂ ತುಂಡಾಗುವುದಿಲ್ಲ. ಅವಳು ಹಿಡಿದರೆ ನೀರಲ್ಲಿ ಮೀನು ಹೋದಂತೆ ಹೋಗುತ್ತದೆ.

ಅವಳ ಗಂಡ ಕಾರು ಓಡಿಸಲು ಕಲಿಸುವವನು. ಕಲಿಯುವವರು ಗಾಬರಿಯಾದರೆ ತುಳಿಯಲೆಂದು ಅವನ ಕಾರಿನಲ್ಲಿ ಅವನ ಕಾಲ ಬಳಿಯೂ ಒಂದು ಬ್ರೇಕ್ ಇದೆ. "ಸ್ಟೀರಿಂಗ್ ನಿಮ್ಮದು, ಬ್ರೇಕ್ ಮಾತ್ರ ನಂದು" ಎಂದು ನಗುತ್ತಾ ಹೇಳುತ್ತಾನೆ. ಅವನು ದನಿ ಎತ್ತಿದ್ದನ್ನು ಯಾರೂ ಕೇಳಿಲ್ಲ. ಮದುವೆಯ ಮಾತು ಬಂದಾಗ, ಒಂದು ಮನೆಗೆ ನನ್ನಂಥ ಬಾಯಿ ಒಂದೇ ಸಾಕು, ಇಂಥ ತಣ್ಣಗಿನವನು ಸಿಕ್ಕಿದ್ದು ಪುಣ್ಯ ಎಂದುಕೊಂಡಿದ್ದೆ.

ಅವರ ಮನೆಗೆ ನಾಯಿಮರಿ ಬಂದ ವಾರ ನಾನು ಹೋದಾಗ ನಡುಮನೆಯ ಮೂಲೆಯಲ್ಲಿ ತಂತಿಯ ಗೂಡು ಇತ್ತು, ಬಾಗಿಲು ಅಗಲಕ್ಕೆ ತೆರೆದಿತ್ತು. ಅಂಗೈ ಮೇಲೆ ಹಿಡಿಯುವಷ್ಟೇ ಇದ್ದ ಕಂದು ಮರಿ ಅದರಿಂದ ದೂರ, ಸೋಫಾದ ಕೆಳಗೆ ಕೂತು ನಡುಗುತ್ತಿತ್ತು. ಎತ್ತಿ ಒಳಗೆ ಬಿಟ್ಟರೆ ಆಯಿತಲ್ಲ ಎಂದೆ. ತಂಗಿಯ ಗಂಡ ಬೇಡವೆಂದು ತಲೆ ಆಡಿಸಿದ.

"ಬಲವಂತ ಮಾಡಬಾರದು ಅಕ್ಕ. ತಾನಾಗೇ ಹೋಗ್ಬೇಕು. ಒಂದ್ಸಲ ನೂಕಿದ್ರೆ ಜೀವನಪೂರ್ತಿ ಅದಕ್ಕೆ ಗೂಡು ಅಂದ್ರೆ ಭಯ."

ಬಾಗಿಲಿನ ಹೊರಗೆ ಬಿಸ್ಕತ್ತಿನ ಚೂರು ಇಟ್ಟ. ಮರಿ ಬಂದು ತಿಂದಿತು. ಆಮೇಲೆ ಹೊಸ್ತಿಲ ಮೇಲೆ ಇಟ್ಟ, ಆಮೇಲೆ ಒಂದು ಗೇಣು ಒಳಗೆ. ಮರಿ ತಲೆ ತೂರಿಸಿದಾಗಲೆಲ್ಲ ನಾಲಗೆಯಿಂದ ಟಕ್ ಎಂದು ಸದ್ದು ಮಾಡಿ, "ಜಾಣಮರಿ" ಅನ್ನುತ್ತಿದ್ದ. ಒಳಗೆ ಹಾಸಲು ತಂಗಿಯ ಹಳೆಯ ಶಾಲು ಬೇಕೆಂದ. ಪರಿಚಯದ ವಾಸನೆ ಇದ್ದರೆ ಜಾಗ ತನ್ನದೇ ಅನ್ನಿಸುತ್ತದಂತೆ. ಬೆಣ್ಣೆಯಿಂದ ಕೂದಲು ತೆಗೆದಷ್ಟು ನಾಜೂಕಾಗಿ ಎಲ್ಲವನ್ನೂ ಮಾಡಿದ. ಇಷ್ಟು ತಾಳ್ಮೆ ನನಗಿದ್ದಿದ್ದರೆ ಅರ್ಧ ಊರು ನನ್ನ ಗಿರಾಕಿಯಾಗಿರುತ್ತಿತ್ತು ಎಂದು ತಮಾಷೆ ಮಾಡಿದೆ.

ಹೊರಡುವಾಗ ಅವನು ಬಾಗಿಲವರೆಗೂ ಬಂದು ಇನ್ನೊಂದು ಮಾತು ಹೇಳಿದ. ತಂಗಿ ದಿನಾ ಬಸ್ಸು ಹಿಡಿದು ಅಂಗಡಿಗೆ ಬಂದು ಹೋಗುವಷ್ಟರಲ್ಲಿ ಸೋತುಹೋಗುತ್ತಾಳೆ, ಅವಳ ಮಷಿನ್ ಇಲ್ಲೇ ಇದ್ದರೆ ಮನೆಯಲ್ಲೇ ಹೊಲಿಯಬಹುದು ಎಂದ. ಎಷ್ಟು ಕಾಳಜಿ ನೋಡು ಎಂದುಕೊಂಡು ಮಾರನೆಯ ದಿನವೇ ಮಷಿನ್ ಅನ್ನು ಆಟೋದಲ್ಲಿ ಹೇರಿಸಿದೆ. ಸೂಜಿಡಬ್ಬಿ, ಎಣ್ಣೆಬುಡ್ಡಿ, ಅವಳು ಕೂರುವ ಸ್ಟೂಲು, ಎಲ್ಲವನ್ನೂ ಕೈಯಾರೆ ಕಟ್ಟಿ ಕಳಿಸಿದೆ. ಕತ್ತರಿ ಒಂದು ಮಾತ್ರ ಅಂಗಡಿಯ ಮೊಳೆಯಲ್ಲೇ ಉಳಿಯಿತು. ಬಟ್ಟೆ ಹರವಿ ಕತ್ತರಿಸುವ ದೊಡ್ಡ ಮೇಜು ಇರುವುದು ನಮ್ಮಲ್ಲೇ, ಅದಕ್ಕೆ.

ಹಾಗಾಗಿ ತಂಗಿ ಕತ್ತರಿಸಲು ಮಾತ್ರ ಬರತೊಡಗಿದಳು. ಮೊದಮೊದಲು ಬಂದರೆ ಸಂಜೆವರೆಗೂ ಕೂತು ಇಡೀ ಬೀದಿಯ ಸುದ್ದಿಯನ್ನು ಬಟ್ಟೆಯ ಜೊತೆಗೇ ಕತ್ತರಿಸಿ ಹಾಕುತ್ತಿದ್ದಳು. ಬರಬರುತ್ತಾ ಚಹಾ ಕೂಡ ನಿಂತೇ ಕುಡಿಯತೊಡಗಿದಳು. ರಸ್ತೆಯಲ್ಲಿ ಯಾವ ಕಾರು ನಿಧಾನವಾದರೂ ಅವಳ ಕತ್ತರಿ ನಿಲ್ಲುತ್ತಿತ್ತು. ಏನೇ ಎಂದು ಕೇಳಿದರೆ ಏನಿಲ್ಲ ಅನ್ನುವಳು.

ಎರಡನೆಯ ಸಲ ಹೋದಾಗ ಮರಿ ಗೂಡಿನ ಒಳಗಿತ್ತು, ಬಾಗಿಲು ಹಾಕಿತ್ತು. ಮರಿ ಕುಂಯ್‌ಗುಟ್ಟುತ್ತಾ ತಂತಿಯನ್ನು ಕೆರೆಯುತ್ತಿತ್ತು. ತಂಗಿ ಎದ್ದಳು. ಅವನು ಪೇಪರಿನಿಂದ ತಲೆ ಎತ್ತಲಿಲ್ಲ.

"ಈಗ ಹೋಗಬೇಡ. ಅತ್ರೆ ಬಾಗಿಲು ತೆಗೀತಾರೆ ಅಂತ ಕಲಿತುಬಿಡುತ್ತೆ. ಸುಮ್ಮನಾಗ್ಲಿ, ಆಮೇಲೆ ಹೋಗು."

ತಂಗಿ ಕೂತಳು. ಮರಿ ಸುಮ್ಮನಾಗುವ ತನಕ ಮೂವರೂ ಕೂತೇ ಇದ್ದೆವು. ಆಗ ನನಗೆ ನೆನಪಾಯಿತು. ಮದುವೆಯ ಹೊಸತರಲ್ಲಿ ತಂಗಿ ಫೋನಿನಲ್ಲಿ ಅಳುತ್ತಿದ್ದವಳು ಒಮ್ಮೆ ಇದೇ ಮಾತನ್ನು ನನಗೆ ಹೇಳಿದ್ದಳು. ತಾನು ಅತ್ತರೆ ಅವರು ಮಾತು ಬಿಡುತ್ತಾರೆ, ಸುಮ್ಮನಾದ ಮೇಲೆ ತಾವಾಗೇ ಬಂದು ಎಷ್ಟು ಚೆನ್ನಾಗಿ ಮಾತಾಡಿಸುತ್ತಾರೆ ಗೊತ್ತಾ ಎಂದಿದ್ದಳು. ಹೊಸ ದಂಪತಿಯ ಮುನಿಸು ಎಂದು ನಾನು ನಕ್ಕಿದ್ದೆ. ಆಮೇಲೆ ಅವಳು ಅಳುವ ಫೋನೇ ಬರಲಿಲ್ಲ, ನಾನು ಅದನ್ನು ಸುಖ ಎಂದುಕೊಂಡೆ.

ಹೊರಗೆ, ಹೊಸ್ತಿಲ ಮೇಲೆ, ಒಂದು ಗೇಣು ಒಳಗೆ. ಶಾಲು ಹಾಸಿದ ಹಾಗೆ ಮಷಿನ್, ಸ್ಟೂಲು, ಸೂಜಿಡಬ್ಬಿ. ಗೂಡಿಗೆ ಹಾಸಿಗೆ ಹಾಸಿಕೊಟ್ಟವಳು ನಾನೇ.

ಒಂದು ಮಧ್ಯಾಹ್ನ ಅವನೇ ಅಂಗಡಿಗೆ ಬಂದ. ಮನೆಯಲ್ಲೂ ಒಂದು ದೊಡ್ಡ ಮೇಜು ತರಿಸಿದ್ದೇನೆ, ಇನ್ನು ಕತ್ತರಿಸುವುದೂ ಅಲ್ಲೇ ಆಗುತ್ತದೆ, ಅವಳ ಕತ್ತರಿ ಒಂದು ಕೊಟ್ಟುಬಿಡಿ ಎಂದ. ಕಣ್ಣು ಆಗಲೇ ಮೊಳೆಯ ಮೇಲಿತ್ತು. ಕತ್ತರಿ ಹೋದರೆ ಎಡಚಿಗೆ ಈ ಅಂಗಡಿಗೆ ಬರಲು ಕಾರಣವೇ ಉಳಿಯುವುದಿಲ್ಲ. ಅದು ನನಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು.

"ಅದು ಅಪ್ಪನ ಅಂಗಡಿ ಕತ್ತರಿ. ಇಲ್ಲೇ ಇರುತ್ತೆ. ಬೇಕಾದಾಗ ಅವಳೇ ಬಂದು ಕತ್ತರಿಸಿಕೊಂಡು ಹೋಗ್ಲಿ" ಎಂದೆ.

ಜಗಳಕ್ಕೆ ಸೊಂಟ ಕಟ್ಟಿ ನಿಂತಿದ್ದೆ. ಅವನು ಜಗಳ ಕೊಡಲಿಲ್ಲ. "ಆಯ್ತು ಅಕ್ಕ. ಬಲವಂತ ಏನಿಲ್ಲ" ಎಂದು ನಕ್ಕು ಹೋದ. ಬೈದಿದ್ದರೆ ಅಷ್ಟು ಭಯವಾಗುತ್ತಿರಲಿಲ್ಲ.

ಆಮೇಲೆ ತಂಗಿ ಬರಲಿಲ್ಲ. ಫೋನು ಮಾಡಿದರೆ, ಕತ್ತರಿಸುವ ಬಟ್ಟೆ ಇದ್ದಾಗ ಬರ್ತೀನಿ ಅಕ್ಕ ಎಂದು ಅವಸರದಲ್ಲಿ ಇಡುತ್ತಿದ್ದಳು. ಕಾದು ಕಾದು ಸಾಕಾಗಿ, ಅವನು ಕಲಿಸಲು ಹೋಗಿರುವ ಹೊತ್ತು ನೋಡಿ, ಕತ್ತರಿಯನ್ನು ಚೀಲದಲ್ಲಿಟ್ಟುಕೊಂಡು ನಾನೇ ಹೊರಟೆ. ಕತ್ತರಿ ತೋರಿಸಿ, ಬಾ, ಅಂಗಡಿಗೆ ಹೋಗೋಣ ಎಂದು ಕೈ ಹಿಡಿದು ಕರೆದುಕೊಂಡು ಬರುವುದು ನನ್ನ ಲೆಕ್ಕ. ಅವನ ವಿದ್ಯೆ ಅವನಿಗೊಬ್ಬನಿಗೇ ಬರಬೇಕೆಂದೇನಿಲ್ಲವಲ್ಲ.

ಬೀದಿ ಬಾಗಿಲು ತೆರೆದೇ ಇತ್ತು. ಗೂಡಿನ ಬಾಗಿಲೂ ತೆರೆದೇ ಇತ್ತು. ಬೆಳೆದಿದ್ದ ಮರಿ ಗೂಡಿನೊಳಗೆ ಶಾಲಿನ ಮೇಲೆ ಮಲಗಿತ್ತು. ನನ್ನನ್ನು ಕಂಡು ಬಾಲ ಆಡಿಸಿತು, ಎದ್ದು ಬರಲಿಲ್ಲ. ಚ್ಚುಚ್ಚು ಎಂದು ಕರೆದೆ. ಹೊಸ್ತಿಲವರೆಗೆ ಮೂಗು ಚಾಚಿ ಮತ್ತೆ ಹಿಂದಕ್ಕೆ ಎಳೆದುಕೊಂಡಿತು.

ತಂಗಿ ಒಳಕೋಣೆಯಲ್ಲಿ ಹೊಸ ಮೇಜಿನ ಮುಂದೆ ನಿಂತು ಬಟ್ಟೆ ಕತ್ತರಿಸುತ್ತಿದ್ದಳು. ಮಾಮೂಲಿ ಕತ್ತರಿ. ಬಲಗೈ. ಎಡಗೈಯನ್ನು ಬೆನ್ನ ಹಿಂದೆ ಮಡಚಿ ಇಟ್ಟುಕೊಂಡಿದ್ದಳು. ಅಂಚು ಇಲಿ ಕಡಿದಂತಿತ್ತು, ಹೆಬ್ಬೆರಳಿನ ಬುಡದಲ್ಲಿ ಬೊಬ್ಬೆ ಒಡೆದಿತ್ತು. ಇಡೀ ಬೀದಿಯಲ್ಲಿ ಇಂಥ ಕೈ ಇನ್ನೊಂದಿಲ್ಲ ಎಂದು ಅಪ್ಪ ಎದೆ ಉಬ್ಬಿಸಿ ಹೇಳುತ್ತಿದ್ದ ಕೈ ಅದಲ್ಲ. ನನಗೆ ಅಳು ಬಂತು.

"ನೋಡು ಅಕ್ಕ" ಎಂದಳು, ಮಗುವಿನಷ್ಟು ಹೆಮ್ಮೆಯಿಂದ. "ಮೊದಲು ಪೇಪರು ಕತ್ತರಿಸಿದೆ, ಆಮೇಲೆ ಚಿಂದಿ, ಈಗ ಬಟ್ಟೆ. ಸ್ವಲ್ಪ ಸ್ವಲ್ಪ ಮಾಡಿದ್ರೆ ಎಲ್ಲಾ ಅಭ್ಯಾಸ ಆಗುತ್ತಂತೆ. ಅವರೇ ಕೂತು ಕಲಿಸಿದ್ರು."

ಚೀಲದಿಂದ ಅವಳ ಕತ್ತರಿ ತೆಗೆದು ಮೇಜಿನ ಮೇಲೆ ಇಟ್ಟೆ. ಕಾರು ಬೇಡ, ಬಸ್ಸು ಬೇಡ, ನಡೆದೇ ಹೋಗೋಣ, ಹಿಂಗೇ ಬಾ ಎಂದೆ. ಅವಳ ಎಡಗೈ ಬೆನ್ನ ಹಿಂದಿನಿಂದ ಮೆಲ್ಲಗೆ ಮುಂದೆ ಬಂತು. ಬೆರಳುಗಳು ಹಿಡಿಕೆಯ ಉಂಗುರದೊಳಗೆ ತಾವಾಗೇ ಹೋದವು. ಒಂದು ಹೆಜ್ಜೆ ನನ್ನ ಕಡೆ ಇಟ್ಟಳು, ಇನ್ನೊಂದು ಇಟ್ಟಳು. ನಡುಮನೆ ದಾಟಿ ಬೀದಿ ಬಾಗಿಲ ತನಕ ಬಂದೆವು. ಅವಳ ಬಲಗೈ ನನ್ನ ಕೈಯೊಳಗಿತ್ತು.

ಗೇಟಿನ ಹೊರಗೆ ಕಾರು ನಿಂತಿತು. ಅವನು ಇಳಿದು, ನಮ್ಮಿಬ್ಬರನ್ನೂ ನೋಡಿ, ಎಂದಿನಂತೆ ನಕ್ಕ. ಏನೂ ಕೇಳಲಿಲ್ಲ. ದಾರಿಗೆ ಅಡ್ಡ ಕೂಡ ನಿಲ್ಲಲಿಲ್ಲ, ಪಕ್ಕಕ್ಕೆ ಸರಿದು ಗೇಟನ್ನು ಇನ್ನಷ್ಟು ಅಗಲ ಮಾಡಿದ. ಆಮೇಲೆ ನಾಲಗೆಯಿಂದ ಟಕ್ ಎಂದ.

ಒಳಗೆ ತಂತಿ ಅಲುಗಿತು, ಮರಿ ಗೂಡಿನ ಮೂಲೆಗೆ ಸರಿದು ಕೂತಿತು. ಅದನ್ನು ನೋಡಲು ನಾನು ತಿರುಗಿ, ಮತ್ತೆ ಈ ಕಡೆ ತಿರುಗುವಷ್ಟರಲ್ಲಿ ನನ್ನ ಕೈಯೊಳಗೆ ತಂಗಿಯ ಕೈ ಇರಲಿಲ್ಲ. ಅವಳು ಒಳಕೋಣೆಯ ಬಾಗಿಲು ದಾಟುತ್ತಿದ್ದಳು. ಎಡಗೈ ಕತ್ತರಿ ಗೂಡಿನ ಪಕ್ಕದ ನೆಲದ ಮೇಲೆ ಬಿದ್ದಿತ್ತು.

"ಜಾಣೆ" ಎಂದ ಅವನು, ಮೆಲ್ಲಗೆ. ಕತ್ತರಿಯನ್ನು ಎತ್ತಿ, ಧೂಳು ಒರೆಸಿ, ನನ್ನ ಕೈಗೇ ಕೊಟ್ಟ. "ತಗೊಂಡು ಹೋಗಿ ಅಕ್ಕ. ಇನ್ನು ಇದು ಬೇಡ."

ಅವನು ಹೇಳಿದಂತೆಯೇ ನಾನೂ ಕತ್ತರಿಯನ್ನು ಚೀಲಕ್ಕೆ ಹಾಕಿಕೊಂಡೆ. ಗೇಟು ದಾಟಿ ಬಂದೆ. ತಿರುವಿನ ತನಕ ಹಿಂತಿರುಗಿ ನೋಡುತ್ತಲೇ ನಡೆದೆ. ಬಾಗಿಲು ತೆರೆದೇ ಇತ್ತು, ಹೊಸ್ತಿಲಿಗೆ ಯಾರೂ ಬರಲಿಲ್ಲ.