ರತನನ ನೀಲಿ ಅಂಗಿ

ಭಟ್ಟರು ಇನ್ನೊಮ್ಮೆ ಹೇಳಿ ಕಳಿಸಿದರು: ದಂಡೆಯ ಮೇಲೆ ದರ್ಭೆಯ ಬೊಂಬೆ ಸಿದ್ಧವಾಗಿದೆ, ತೊಡಿಸಲು ಹುಡುಗನದೊಂದು ಅಂಗಿ ಬೇಕು. ಮಗನ ನೀಲಿ ಅಂಗಿಯಿದ್ದ ಟ್ರಂಕಿನ ಮೇಲೆ ಕೂತಿದ್ದ ಜಲಜ ಏಳಲಿಲ್ಲ. ಗಂಗೊಳ್ಳಿಯಲ್ಲಿ ಹೊಳೆ ಕಡಲು ಸೇರುವ ಅಳಿವೆಯಲ್ಲಿ ದೋಣಿ ಮಗುಚಿ ಮೂರು ತಿಂಗಳಾಗಿತ್ತು. ಉಳಿದವರು ಈಜಿ ಬಂದರು. ಅವಳ ಮಗ ರತನ್ ಬರಲಿಲ್ಲ, ಅವನ ಹೆಣವೂ ಬರಲಿಲ್ಲ. ಹೆಣ ಸಿಗದವರಿಗೆ ಹುಲ್ಲಿನ ದೇಹ ಮಾಡಿ ಸುಡುವುದು ವಾಡಿಕೆ. ಅಂಗಿ ಕೊಟ್ಟರೆ ಮಗನನ್ನು ತಾನೇ ಕೊಂದ ಹಾಗೆ ಅಂತ ಅವಳ ಹಟ. ತೀರಿಹೋದ ಗಂಡನ ಅಣ್ಣ ಪ್ರೇಮಾನಂದ ಬೈದೂ ನೋಡಿದ, ಅತ್ತೂ ನೋಡಿದ.

ಕೊನೆಗೆ ನೆರೆಮನೆಯ ರಾಜೀವಿ ಒಳಗೆ ಬಂದು ಸಾವಿಲ್ಲದ ಮನೆಯ ಸಾಸಿವೆಯ ಮಾತೆತ್ತಿದಳು. ಅದನ್ನು ಕೇಳಿ ಕೇಳಿ ಜಲಜಳ ಕಿವಿ ತೂತು ಬಿದ್ದಿತ್ತು. ಸತ್ತವರ ಮನೆಗೆ ಬಂದವರೆಲ್ಲ ಬುದ್ಧರೇ ಆಗಿಬಿಡುತ್ತಾರೆ, ಕರ್ಮ!

“ಸಾವಿಲ್ದ ಮನಿ ಇಲ್ಲ, ಸಮ. ನಿಮ್ಮನಿ ಹೆಣ ನಿಮ್ಮ ಅಂಗ್ಳಕ್ ಬಂತಲ್ಲ ರಾಜೀವಕ್ಕ? ನಂಗ್ ಮುಟ್ಟುಕೂ ಸಿಕ್ಲಿಲ್ಲ.”

ರಾಜೀವಿ ಟ್ರಂಕಿನ ಬದಿಗೆ ಕೂತಳು. ಆ ಅಂಗಿಯಲ್ಲಿ ಅಂಥದ್ದೇನುಂಟು ಎಂದು ಮೆಲ್ಲಗೆ ಕೇಳಿದಳು.

“ಅವ್ನ್ ಬೆವರ್ ವಾಸ್ನಿ. ನಂಗ್ ಉಳ್ದದ್ದ್ ಅದೊಂದೇ.”

ರತನ್ ತನ್ನ ಅಕ್ಕನ ಮದುವೆಯಲ್ಲಿ ಕುಣಿದು ಬೆವರಿ ಬಿಚ್ಚಿಟ್ಟ ಅಂಗಿ ಅದು. ಒಗೆಯಲು ಅವಳು ಯಾರನ್ನೂ ಬಿಟ್ಟಿರಲಿಲ್ಲ. ದಿನಾ ಮೀನು ಮಾರಿ ಬಂದು ಬುಟ್ಟಿ ಇಳಿಸಿದವಳೇ, ಕೈ ಕೂಡ ತೊಳೆಯದೆ, ಟ್ರಂಕು ತೆಗೆದು ಅದಕ್ಕೆ ಮುಖ ಒತ್ತುತ್ತಿದ್ದಳು. ಈಗ ಸಿಟ್ಟಿನಲ್ಲಿ ಎದ್ದು, ಟ್ರಂಕಿನಿಂದ ಅದನ್ನೆಳೆದು ರಾಜೀವಿಯ ಮೂಗಿಗೇ ಹಿಡಿದಳು. ರಾಜೀವಿ ಮೂಸಿದಳು. ಮುಖ ತಿರುಗಿಸಿದಳು.

ಜಲಜ ತಾನೇ ಮೂಸಿದಳು. ಕಾಲರು, ಕಂಕುಳು, ಕಿಸೆ. ಎಲ್ಲ ಕಡೆ ಬಂಗುಡೆ ಮೀನಿನ ವಾಸನೆ. ಅವಳದೇ ಕೈಯದು, ಅವಳದೇ ಬುಟ್ಟಿಯದು. ಯಾವತ್ತಿನಿಂದ ಹೀಗೆ ಎಂದು ಅವಳಿಗೆ ಗೊತ್ತಾಗಲಿಲ್ಲ. ಮೂರು ತಿಂಗಳು ಹಿಡಿದೂ ಹಿಡಿದೂ ಮಗನನ್ನು ತಾನೇ ಅಳಿಸಿಬಿಟ್ಟಿದ್ದಳು. ಅಳು ಕೂಡ ಬರಲಿಲ್ಲ.

ಅಂಗಿ ಹಿಡಿದು ಅವಳೇ ದಂಡೆಗೆ ನಡೆದಳು. ಹುಲ್ಲಿನ ಕೈಗಳು ಸುಲಭದಲ್ಲಿ ತೋಳಿಗೆ ಇಳಿಯಲಿಲ್ಲ. ಬೈಯುತ್ತ, ಸವರುತ್ತ ತೊಡಿಸಿದಳು. ಕೆಳಗಿನಿಂದ ಒಂದೊಂದೇ ಗುಂಡಿ ಹಾಕಿದಳು. ಕೊರಳಿನದೊಂದು ಉಳಿಯಿತು. ಮರೆತಳೇನೋ ಎಂದು ಪ್ರೇಮಾನಂದ ಅದನ್ನು ಹಾಕಲು ಬಗ್ಗಿದ. ಅವಳು ಅವನ ಕೈ ಹಿಡಿದಳು.

“ಅದ್ ಬ್ಯಾಡ ಭಾವ. ಅವ್ನಿಗ್ ಸೆಕಿ ಆತ್ತ್.”

ಭಟ್ಟರು ಕೊಟ್ಟ ಉರಿಯುವ ಕೊಳ್ಳಿ ಹಿಡಿದು ಪ್ರೇಮಾನಂದ ಹಾಗೇ ನಿಂತ.