ಕಪ್ಪು ಬೆರಳು

ಪುತ್ತೂರಿನ ಆಸ್ಪತ್ರೆಯೊಂದರ ಎಮರ್ಜೆನ್ಸಿಯಲ್ಲಿ ಚಿನ್ಮಯೀ ಹಳೆಯ ನರ್ಸು. ನಾಡಿ, ಬಿ.ಪಿ., ಉಸಿರು, ಆಕ್ಸಿಜನ್ ನೋಡಿ, ಯಾರನ್ನು ಮೊದಲು ಡಾಕ್ಟರ ಬಳಿಗೆ ಕಳಿಸಬೇಕೆಂದು ಬಾಗಿಲಲ್ಲೇ ತೀರ್ಮಾನಿಸುವುದು ಅವಳ ಕೆಲಸ. ಮುಖ ನೋಡಿದರೆ ಸಾಕು, ಗೊತ್ತಾಗುತ್ತದೆ ಎಂಬ ಜಂಬವೂ ಒಂದಿಷ್ಟಿತ್ತು.

ಆ ಬೆಳಿಗ್ಗೆ ಗುತ್ತಿಗಾರಿನಲ್ಲಿ ಬೈಕಿನಿಂದ ಬಿದ್ದವನೊಬ್ಬನನ್ನು ಒಂದು ಜೀಪು ಜನ ಹೊತ್ತು ತಂದರು. ತಲೆಯ ರಕ್ತ ಇರುವುದಕ್ಕಿಂತ ಹತ್ತು ಪಾಲು ಹೆಚ್ಚು ಕಾಣುತ್ತದೆ. ಜೊತೆಗೆ ಬಂದವರ ಗಂಟಲು ಅದಕ್ಕೂ ಹೆಚ್ಚು. ಆ ಗದ್ದಲದ ಬದಿಯಲ್ಲಿ ಪೆರಾಬೆಯ ಅಮ್ಮು, ಮಗಳು ತೃಷಾಳ ಭುಜ ಹಿಡಿದು ಸುಮ್ಮನೆ ನಿಂತಿದ್ದಳು. ಅಮ್ಮು ಗೇರುಬೀಜದ ಕಾರ್ಖಾನೆಯಲ್ಲಿ ಬೀಜ ಒಡೆಯುವವಳು.

"ಎಂತ ಆಗುದು ಅಕ್ಕಾ?"

"ಎಂತ ಇಲ್ಲ ಸಿಸ್ಟರ್. ಜ್ವರ ಉಂಟು. ಸ್ವಲ್ಪ... ದಮ್ಮು ಕಟ್ಟುದು."

ಅಷ್ಟು ಹೇಳಲೂ ಅವಳಿಗೆ ಉಸಿರು ಸಾಲಲಿಲ್ಲ. ಚಿನ್ಮಯೀ ಗಮನಿಸಲಿಲ್ಲ. ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿದಳು: ಎಪ್ಪತ್ತೆಂಟು. ತೊಂಬತ್ತಕ್ಕಿಂತ ಇಳಿದರೇ ಓಡಬೇಕು. ಆದರೆ ಬೆರಳುಗಳು ಬೀಜದ ಸೊನೆ ಹತ್ತಿ ಕರ್ರಗಿದ್ದವು. ಗೇರುಬೀಜದ ಕೈಯಲ್ಲಿ ಮೆಷಿನ್ ಸುಳ್ಳು ಹೇಳುತ್ತದೆಂಬುದು ಇಲ್ಲಿನ ನರ್ಸುಗಳಿಗೆಲ್ಲ ಗೊತ್ತು.

"ಕೈ ಕಪ್ಪು ಉಂಟಲ್ಲ, ಹಾಗೆ ತೋರಿಸುದು. ನಳ್ಳಿಯಲ್ಲಿ ಸೋಪು ಹಾಕಿ ತಿಕ್ಕಿ ಬನ್ನಿ."

ಸೋಪಿಗೆ ಆ ಕಪ್ಪು ಜಗ್ಗುವುದಿಲ್ಲ ಎಂಬುದೂ ಅವಳಿಗೆ ಗೊತ್ತಿತ್ತು. ಸದ್ಯಕ್ಕೆ ಬಾಗಿಲು ಖಾಲಿಯಾದರೆ ಸಾಕಿತ್ತು. ಚೀಟಿಯಲ್ಲಿ ಉಸಿರು ನಿಮಿಷಕ್ಕೆ ಇಪ್ಪತ್ತು ಎಂದು ಗೀಚಿದಳು. ಎಣಿಸಲಿಲ್ಲ. ಯಾರೂ ಎಣಿಸುವುದಿಲ್ಲ, ಎಲ್ಲರಿಗೂ ಇಪ್ಪತ್ತೇ. ಒಂದು ನಿಮಿಷ ಎದೆಯ ಏರಿಳಿತ ಎಣಿಸಿದ್ದರೆ ಗೊತ್ತಾಗುತ್ತಿತ್ತು. ಅದಕ್ಕೆ ಬೆರಳೇ ಬೇಕಿರಲಿಲ್ಲ.

ಬೈಕಿನವನು ಹೊಲಿಗೆ ಹಾಕಿಸಿಕೊಂಡು ಚಹಾ ಕೇಳುತ್ತಿದ್ದಾಗ ತೃಷಾಳ ಕೂಗು ಕೇಳಿಸಿತು. ಅಮ್ಮು ನಲ್ಲಿಯ ಬುಡದಲ್ಲಿ ಕುಸಿದಿದ್ದಳು, ಕೈತುಂಬ ನೊರೆ. ಡಾಕ್ಟರು ಓಡಿ ಬಂದು ಗಂಟಲಿಗೆ ಕೊಳವೆ ಇಳಿಸಿದರು, ಎದೆ ಒತ್ತಿದರು. ನ್ಯುಮೋನಿಯಾ ಎರಡೂ ಶ್ವಾಸಕೋಶಗಳನ್ನು ತಿಂದುಹಾಕಿತ್ತು. ಮಧ್ಯಾಹ್ನದೊಳಗೆ ಅಮ್ಮು ಹೋಗಿಬಿಟ್ಟಳು.

ಗೋಡೆಗೊರಗಿ ಕುಳಿತಿದ್ದ ತೃಷಾಳ ಹತ್ತಿರ ಹೋಗಲು ಚಿನ್ಮಯೀಗೆ ಹೆದರಿಕೆಯಾಯಿತು. ಆದರೂ ಹೋದಳು.

"ತಪ್ಪು ನನ್ನದೇ ಸಿಸ್ಟರ್," ಎಂದಳು ತೃಷಾ. "ಮನೆಯಲ್ಲೇ ಕೈ ತೊಳೆಸಿ ಕರ್ಕೊಂಡು ಬರ್ಬೇಕಿತ್ತು. ಮೆಷಿನಿಗೆ ಗೊತ್ತಾಗ್ತಿತ್ತು."

ಸುಮ್ಮನಿದ್ದರೆ ಸಾಕಿತ್ತು, ಕೆಲಸ ಉಳಿಯುತ್ತಿತ್ತು. ಚಿನ್ಮಯೀ ಅವಳ ಪಕ್ಕ ನೆಲದ ಮೇಲೆ ಕುಳಿತಳು.

"ಮೆಷಿನಿಗೆ ಗೊತ್ತಿತ್ತು ತೃಷಾ. ನಾನು ನಂಬ್ಲಿಲ್ಲ."

ತೃಷಾ ತನ್ನ ಅಂಗೈ ನೋಡಿಕೊಂಡಳು.

"ಅಮ್ಮ ಸಾಕು ಮಗಾ ಅಂತ ಹೇಳಿದ್ರು ಸಿಸ್ಟರ್," ಎಂದಳು ಮೆಲ್ಲಗೆ. "ನಾನೇ ಬಿಡ್ಲಿಲ್ಲ. ಕೈ ಹಿಡಿದು ತಿಕ್ಕಿದೆ."